ಮೂಲೆ ಸೇರಿದ ರಾಜ

ನಾನು ಲೆಕ್ಕವಿಡುತ್ತಿದ್ದುದು ಕ್ರಿಕೆಟ್ ಆಟಗಾರರದ್ದಲ್ಲ, ಯುಗೊಸ್ಲಾವಿಯಾ ತಂಡಕ್ಕೆ ಆಡುತ್ತಿದ್ದ ಸರ್ಬಿಯಾದ ಒಬ್ಬ ಚೆಸ್ ಗ್ರ್ಯಾಂಡ್‌ಮಾಸ್ಟರ್ ಅವರದ್ದು. ರಾಜಾಜಿನಗರದ ಲೈಬ್ರರಿಗೆ ತಡವಾಗಿ ಬರುತ್ತಿದ್ದ ಚೆಸ್ ಪತ್ರಿಕೆ ನೋಡಿ ಅವರ ಆಟಗಳನ್ನು ದಿನಾಂಕದ ಸಮೇತ ಡೈರಿಗೆ ಇಳಿಸುತ್ತಿದ್ದೆ: ಗೆಲುವು, ಸೋಲು, ಡ್ರಾ. ಡ್ರಾ ಸಾಲೇ ಉದ್ದ.

"ಗೆಲ್ಲಕ್ಕಾಗ್ದೋನ ಲೆಕ್ಕ ಯಾಕೇ ಬರೀತೀಯ?" ಎಂದು ಅಪ್ಪ ನಗುತ್ತಿದ್ದರು. ಆ ಗ್ರ್ಯಾಂಡ್‌ಮಾಸ್ಟರ್ ಅವರನ್ನು ಸೋಲಿಸುವುದೂ ಸುಲಭವಲ್ಲ ಎಂಬುದು ಅಪ್ಪನಿಗೆ ಕಾಣುತ್ತಿರಲಿಲ್ಲ.

ವಯಸ್ಸಾದಂತೆ ಗ್ರ್ಯಾಂಡ್‌ಮಾಸ್ಟರ್ ಟೂರ್ನಿಗಳನ್ನು ಕಡಿಮೆ ಮಾಡಿ ತರಬೇತುದಾರರಾದರು, ಅದೇ ಪತ್ರಿಕೆಯಲ್ಲಿ ಪಾಠ ಬರೆಯತೊಡಗಿದರು. ಮೊದಲ ಪಾಠ ಗೆಲ್ಲುವುದರ ಬಗ್ಗೆ ಇರಲಿಲ್ಲ. ಬರಿಯ ರಾಜನೊಬ್ಬ ಉಳಿದಾಗ ಸೋಲದಿರುವುದು ಹೇಗೆ ಎಂಬುದಾಗಿತ್ತು.

ನಾನು ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ ಅವರು ಬೆಂಗಳೂರಿಗೇ ಬಂದರು. ವಿಜಯನಗರದ ಕಲ್ಯಾಣ ಮಂಟಪವೊಂದರಲ್ಲಿ ಒಟ್ಟಿಗೆ ಇಪ್ಪತ್ತು ಜನರೊಡನೆ ಆಡುತ್ತಾರೆಂದು ತಿಳಿದು ನಾನೂ ಹೆಸರು ಕೊಟ್ಟೆ. ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯ ಮುಂದೆ ಸ್ಕೂಟರ್ ಒದೆಯುತ್ತ ಅಪ್ಪ ಷರತ್ತು ಹಾಕಿದರು.

"ಇವತ್ತು ಸೋತ್ರೆ ಈ ಹುಚ್ಚು ಸಾಕು. ನಾಳೆಯಿಂದ ಟೈಪಿಂಗ್ ಕ್ಲಾಸು."

"ಸೋತ್ರೆ ತಾನೆ? ಆಯ್ತು."

ಗ್ರ್ಯಾಂಡ್‌ಮಾಸ್ಟರ್ ಒಂದು ಬೋರ್ಡಿನ ಮುಂದೆ ನಿಂತು ಕಾಯಿ ನಡೆಸಿ ಮುಂದಿನದಕ್ಕೆ ಹೋಗುತ್ತಿದ್ದರು. ಸಂಜೆಯ ಹೊತ್ತಿಗೆ ಬಹುತೇಕರು ಸೋತು ಎದ್ದಿದ್ದರು. ನನ್ನ ಬಳಿ ಉಳಿದದ್ದು ರಾಜ ಮಾತ್ರ. ಅವರ ಬಳಿ ರಾಜ, ಜೊತೆಗೆ ಬೋರ್ಡಿನ ಅಂಚಿನಲ್ಲಿ ಒಂದು ಕಾಲಾಳು. ಅದು ಕೊನೆಯ ಮನೆ ಮುಟ್ಟಿ ಮಂತ್ರಿಯಾದರೆ ನನ್ನ ಆಟ ಮುಗಿದಂತೆ.

ಅವರು ಪಕ್ಕದ ಸಾಲಿನಲ್ಲಿದ್ದಾಗ ವ್ಯವಸ್ಥಾಪಕರು ಬಗ್ಗಿ ಪಿಸುಗುಟ್ಟಿದರು. "ಸೋತೆ ಅಂತ ಕೈ ಕುಲುಕಿ ಎದ್ದೇಳಮ್ಮ. ದೊಡ್ಡೋರನ್ನ ಕಾಯ್ಸೋದು ಮರ್ಯಾದೆ ಅಲ್ಲ."

"ನಾನಿನ್ನೂ ಸೋತಿಲ್ಲ ಸಾರ್."

"ಒಂಟಿ ರಾಜನ್ನ ಇಟ್ಕೊಂಡು ಏನ್ ಮೆರವಣಿಗೆ ಮಾಡ್ತೀಯೇ, ಏಳು" ಎಂದರು ಹಿಂದೆ ನಿಂತಿದ್ದ ಅಪ್ಪ.

ನಾನು ಏಳಲಿಲ್ಲ. ಆ ಕಾಲಾಳು ತಲುಪಬೇಕಾದ ಮೂಲೆಗೆ ನನ್ನ ರಾಜನನ್ನೇ ಮೊದಲು ತಂದು ಕೂರಿಸಿದೆ. ಬೋರ್ಡು ನೋಡಿದ ಗ್ರ್ಯಾಂಡ್‌ಮಾಸ್ಟರ್ ಹುಬ್ಬೇರಿಸಿದರು. ಅಲ್ಲೇ ನಿಲ್ಲಿಸಬಹುದಿತ್ತು, ಆದರೆ ಮೇಷ್ಟರ ಅಭ್ಯಾಸ. ಸುತ್ತ ನಿಂತವರಿಗೂ ತಿಳಿಯಲೆಂದು ಕೊನೆಯವರೆಗೆ ಆಡಿದರು. ಕಾಲಾಳು ನನ್ನ ರಾಜನ ಮೂಗಿನ ಮುಂದೆ ಬಂತು. ಅವರ ರಾಜ ಅದರ ಹಿಂದೆ ಕಾವಲು ನಿಂತ. ನನಗೆ ಚೆಕ್ ಇರಲಿಲ್ಲ, ಕಾಲಿಡಲು ಒಂದು ಮನೆಯೂ ಇರಲಿಲ್ಲ.

"ಸಿಕ್ಕಾಕ್ಕೊಂಡ್ಳು" ಎಂದರು ಅಪ್ಪ. ಅವರು ನನಗೆ ಕಲಿಸಿದ ಮನೆ ಆಟದಲ್ಲಿ, ಎದುರಾಳಿಯ ರಾಜನನ್ನು ಅಲುಗಾಡದಂತೆ ಕಟ್ಟಿಹಾಕಿದವನೇ ಗೆದ್ದ ಹಾಗೆ.

ಗ್ರ್ಯಾಂಡ್‌ಮಾಸ್ಟರ್ "ಡ್ರಾ" ಎಂದು ಕೈ ಚಾಚಿದರು.

ಹೊರಗೆ ಬಂದ ಮೇಲೂ ಅಪ್ಪ ಬಿಡಲಿಲ್ಲ. "ಇದ್ಯಾವ ನ್ಯಾಯ? ಮನೇಲಿ ಇದು ಸೋಲು."

"ಇದು ಮನೆ ಅಲ್ವಲ್ಲಪ್ಪ. ಇಲ್ಲಿ ಚೆಕ್ ಇಲ್ದೆ ಕಟ್ಟಾಕಿದ್ರೆ ಸಮ."

"ಆದ್ರೂ ನೀನು ಗೆಲ್ಲಲಿಲ್ಲ."

"ಗೆಲ್ಬೇಕು ಅಂತ ನೀವು ಹೇಳ್ಲಿಲ್ಲ. ಸೋತ್ರೆ ಅಂದ್ರಿ."

ದಾರಿಯಲ್ಲಿ ಟೈಪಿಂಗ್ ಶಾಲೆಯ ಮುಂದೆ ಸ್ಕೂಟರ್ ನಿಧಾನವಾಯಿತು. "ಮುಂದಕ್ಕೆ ನಡೀರಿ" ಎಂದೆ.

ಮನೆಗೆ ಬಂದು ದಿನಾಂಕ ಹಾಕಿ, ಗ್ರ್ಯಾಂಡ್‌ಮಾಸ್ಟರ್ ಅವರ ಡ್ರಾ ಸಾಲಿಗೆ ಇನ್ನೊಂದು ಗೀಟು ಎಳೆದೆ. ಅಪ್ಪ ಇಣುಕಿದರು. ನಾನು ಡೈರಿ ಮುಚ್ಚಲಿಲ್ಲ, ಅವರ ಕಡೆಗೇ ತಿರುಗಿಸಿ ಇಟ್ಟೆ.