ಆಮೆ ನೋಡುವ ಕಡೆಗೆ

ಟೀಚರ ಬಲಗೈಯ ಹೆಬ್ಬೆರಳು ತೋರುಬೆರಳನ್ನು ಸದಾ ಉಜ್ಜುತ್ತಿತ್ತು, ಕಾಣದ ಬತ್ತಿಯೊಂದನ್ನು ಹೊಸೆಯುತ್ತಿರುವ ಹಾಗೆ. ಚಹಾದ ಲೋಟವನ್ನು ಅರ್ಧಕ್ಕಿಂತ ಹೆಚ್ಚು ತುಂಬಲು ಅವರು ಬಿಡುತ್ತಿರಲಿಲ್ಲ. ಎಡಗೈಯಿಂದ ಬಲ ಮಣಿಕಟ್ಟನ್ನು ಅದುಮಿ ಹಿಡಿದು, "ಇದು ಸುಮ್ಮನೆ ಕೂತುಕೊಳ್ಳುವ ಜಾತಿಯದ್ದಲ್ಲ" ಎಂದು ತುಂಟ ಮಗುವಿನ ಮೇಲೆ ದೂರು ಹೇಳುವಂತೆ ಹೇಳುತ್ತಿದ್ದರು.

ಗಲ್ಫಿನಲ್ಲಿ, ದಾರ್ಸೈಟಿನ ನಮ್ಮ ಕಟ್ಟಡದಲ್ಲಿ ಅವರ ಮನೆ ನಮ್ಮ ಮನೆಯ ನೇರ ಕೆಳಗಿತ್ತು. ಅವರು ಮಂಗಳೂರಿನ ಕೊಂಕಣಿಯವರು, ನಾವು ಉಡುಪಿ ಕಡೆಯ ತುಳುವಿನವರು. ಇಬ್ಬರೂ ಸೇರಿದಾಗ ಊರಿನ ಕನ್ನಡ. ಟೀಚರ್ ಬಹಳ ವರ್ಷ ಶಾಲೆಯಲ್ಲಿ ಗಣಿತ ಕಲಿಸಿದ್ದರು. ಕೈವಾರ ಮುಟ್ಟದೆ ಬೋರ್ಡಿನ ಮೇಲೆ ವೃತ್ತ ಬರೆಯುತ್ತಿದ್ದರಂತೆ. ನಡುಕದ ಕಾಯಿಲೆ ಹಿಡಿದ ಮೇಲೆ ಸರಳರೇಖೆಯೂ ಎರೆಹುಳದ ಹಾಗೆ ಹರಿಯತೊಡಗಿತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅವರು ಶಾಲೆ ಬಿಟ್ಟರು.

"ಅವರು ನಕ್ಕದ್ದಕ್ಕೆ ಅಲ್ಲ ಮಾರಾಯ್ತಿ, ಆ ಗೆರೆ ನೋಡಿ ನನಗೇ ನಗು ಬಂತು," ಎಂದು ಒಮ್ಮೆ ನನಗೆ ಹೇಳಿದ್ದರು. ಹೇಳುವಾಗ ನಗಲಿಲ್ಲ.

ಮನೆಯಲ್ಲಿ ಶನಿವಾರದ ಕ್ಲಾಸು ಶುರುಮಾಡಿದ್ದು ಆಮೇಲೆ. ಕಟ್ಟಡದ ಸಣ್ಣ ಮಕ್ಕಳಿಗೆ ಪ್ರೋಗ್ರಾಮಿಂಗಿನ ಮೊದಲ ಪಾಠ. ಕಂಪ್ಯೂಟರಿನ ಪರದೆಯಲ್ಲಿ ಒಂದು ಪುಟ್ಟ ಆಮೆ. ಪಕ್ಕದಲ್ಲಿ ಬಣ್ಣಬಣ್ಣದ ತುಂಡುಗಳು: 'ಮುಂದೆ ನಡೆ', 'ಬಲಕ್ಕೆ ತಿರುಗು', 'ಮತ್ತೆ ಅದನ್ನೇ ಮಾಡು'. ತುಂಡುಗಳನ್ನು ಎಳೆದು ಒಂದರ ಕೆಳಗೊಂದು ಅಂಟಿಸಿದರೆ ಆಮೆ ಅದರಂತೆ ನಡೆದು ಹಿಂದೆ ಗೆರೆ ಬಿಡುತ್ತದೆ. ಚೌಕ, ತ್ರಿಕೋನ, ನಕ್ಷತ್ರ. ಟೀಚರ ಕೈಯಿಂದ ಬರಲೊಲ್ಲದ ನೇರ ಗೆರೆ, ಆಮೆಯ ಬಾಲದಿಂದ ಬರುತ್ತಿತ್ತು.

ಆದರೆ ಮೌಸ್ ಹಿಡಿದು ತುಂಡನ್ನು ಎಳೆಯುವುದು ಅವರಿಂದಾಗುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಬಿದ್ದುಹೋಗುತ್ತಿತ್ತು. ಅದಕ್ಕೇ ನನ್ನನ್ನು ಕರೆದದ್ದು.

"ನನಗೆ ಇದರ ತಲೆಬುಡ ಗೊತ್ತಿಲ್ಲ ಟೀಚರ್," ಎಂದೆ.

"ತಲೆ ಮಕ್ಕಳದ್ದು ಉಂಟು. ನೀನು ಕೈ ಕೊಡು, ಸಾಕು."

ಹಾಗೆ ನಾನೂ ಆ ಮನೆಯ ಶನಿವಾರದ ವಿದ್ಯಾರ್ಥಿನಿಯಾದೆ.

ಅವರಲ್ಲಿ ಒಂದು ಪದ್ಧತಿ ಇತ್ತು. ಯಾರೂ ನೇರವಾಗಿ ಕಂಪ್ಯೂಟರ್ ಮುಟ್ಟುವ ಹಾಗಿಲ್ಲ. ಮೊದಲು ಹಾಲಿನ ಟೈಲ್ಸಿನ ಮೇಲೆ ಒಂದು ಮಗು ಆಮೆಯಾಗಬೇಕು, ಇನ್ನೊಂದು ಹೇಳಬೇಕು. ಆಮೆಯಾದ ಮಗು ಹೇಳಿದ್ದಷ್ಟೇ ಮಾಡಬೇಕು. ಗೋಡೆ ಬಂತೆಂದು ತಾನಾಗಿ ನಿಲ್ಲಬಾರದು. "ಆಮೆಗೆ ಬುದ್ಧಿ ಇಲ್ಲ, ಮರ್ಯಾದೆ ಉಂಟು. ಹೇಳಿದ್ದನ್ನು ಕೇಳ್ತದೆ. ಚಿತ್ರ ಹಾಳಾದ್ರೆ ಅದನ್ನು ಬೈಬೇಡಿ, ನೀವು ಹೇಳಿದ್ದನ್ನು ಓದಿ ನೋಡಿ," ಎನ್ನುತ್ತಿದ್ದರು. ತ್ರಿಕೋನಕ್ಕೆ ಅರವತ್ತು ಡಿಗ್ರಿ ತಿರುಗಿದರಾಯಿತು ಎಂದು ಹೊಸದಾಗಿ ಬಂದ ಮಕ್ಕಳೆಲ್ಲ ಹೇಳುತ್ತಿದ್ದರು. ತಪ್ಪು ಎಂದು ಅವರು ಯಾವತ್ತೂ ಹೇಳಿದವರಲ್ಲ. "ಹೌದಾ? ನಡೆದು ನೋಡುವ." ನಡೆದ ಮಗು ತ್ರಿಕೋನ ಮುಚ್ಚದೆ ಅಡುಗೆಮನೆಯ ಕಡೆಗೆ ಹೊರಟುಹೋಗುತ್ತಿತ್ತು. ಮೂಲೆಯ ಒಳಗಿನ ಅಳತೆ ಬೇರೆ, ಆ ಮೂಲೆಯಲ್ಲಿ ನಿಂತವನು ತಿರುಗಬೇಕಾದ ಅಳತೆ ಬೇರೆ ಎಂಬುದು ಹೀಗೆ ಅದರ ಕಾಲಿಗೇ ತಿಳಿಯುತ್ತಿತ್ತು.

ನನ್ನ ಸರದಿಯೂ ಬಂತು. ನನ್ನ ಮಗಳು ಆಮೆ, ನಾನು ಹೇಳುವವಳು. ಚಿಕ್ಕಂದಿನಿಂದ ರಂಗೋಲಿ ಹಾಕಿದವಳು ನಾನು, ಚೌಕ ಯಾವ ಲೆಕ್ಕ? ನನ್ನ ಎದುರಿಗೆ ಮುಖ ಮಾಡಿ ನಿಂತವಳಿಗೆ "ಬಲಕ್ಕೆ ತಿರುಗು, ಮುಂದೆ ನಡೆ" ಎಂದೆ. ಅವಳು ಚಪ್ಪಲಿ ಸ್ಟ್ಯಾಂಡಿನ ಕಡೆಗೆ ನಡೆದಳು.

"ಅಯ್ಯೋ, ಆ ಕಡೆ ಅಲ್ಲ, ಬಲಕ್ಕೆ!"

"ಅಮ್ಮಾ, ದಿಸ್ ಈಸ್ ಮೈ ರೈಟ್!"

ಮಕ್ಕಳು ಬಿದ್ದು ಬಿದ್ದು ನಕ್ಕರು. ಟೀಚರ್ ಮಾತ್ರ ನಗದೆ ಹೇಳಿದರು: "ರಂಗೋಲಿಯನ್ನು ನೀನು ಮೇಲಿಂದ ನೋಡ್ತಿ. ಆಮೆ ರಂಗೋಲಿಯ ಒಳಗೆ ಉಂಟು. ಅದರ ಬೆನ್ನ ಹಿಂದೆ ಹೋಗಿ ನಿಲ್ಲು. ಅದು ನೋಡುವ ಕಡೆ ನೋಡು. ಆಮೇಲೆ ಹೇಳು."

ಕಾಯಿಲೆ ಕೈಯಿಂದ ಕಾಲಿಗೆ ಇಳಿಯಿತು. ನಡೆಯುತ್ತ ನಡೆಯುತ್ತ ಪಾದಗಳು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಿದ್ದವು. ಬಾಗಿಲ ಹೊಸ್ತಿಲು ಬಂದರಂತೂ ಹೆಚ್ಚು. ಆಗುವಷ್ಟು ದಿನ ನಡೆಯಿರಿ, ನಿಲ್ಲಿಸಿದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದರು. ಟೀಚರಿಗೆ ಇದ್ದ ಹಂಬಲ ಒಂದೇ. "ಕ್ಲಾಸಿಗೆ ಬಂದ ಮಕ್ಕಳಿಗೆ ನಾನೇ ಬಾಗಿಲು ತೆಗೀಬೇಕು. ಹಾಸಿಗೆಯಿಂದ ಕೂಗಿ ಒಳಗೆ ಕರೀಲಿಕ್ಕೆ ನನ್ನಿಂದಾಗ್ಲಿಕ್ಕಿಲ್ಲ."

ಒಂದು ಶನಿವಾರ ನಾನೂ ಮಕ್ಕಳೂ ಬೆಲ್ ಹೊಡೆದರೂ ಬಾಗಿಲು ತೆರೆಯಲಿಲ್ಲ. ಅವರ ಗಂಡ ರೂವಿ ಪೇಟೆಗೆ ಮೀನು ತರಲು ಹೋಗಿದ್ದರು. ಅವರ ಮನೆಯ ಇನ್ನೊಂದು ಬೀಗದ ಕೈ ನನ್ನಲ್ಲಿತ್ತು. ತೆಗೆದು ನೋಡಿದರೆ ಟೀಚರ್ ಮಲಗುವ ಕೋಣೆಯ ಹೊಸ್ತಿಲಲ್ಲಿ, ಚೌಕಟ್ಟು ಹಿಡಿದು ನಿಂತಿದ್ದಾರೆ. ಮೇಲ್ತುಟಿಯಲ್ಲಿ ಬೆವರು. ನಾನು ಓಡಿ ಹೋಗಿ ಕೈ ಹಿಡಿದೆ.

"ಎಳೀಬೇಡ, ಬೀಳ್ತೇನೆ. ಹೇಳು ಮಾರಾಯ್ತಿ. ಆಮೆಗೆ ಹೇಳಿದ ಹಾಗೆ ಹೇಳು."

ಹಿಂದಿದ್ದ ಮಕ್ಕಳು ಒಟ್ಟಿಗೇ ಕೂಗತೊಡಗಿದರು: "ಫಾರ್ವರ್ಡ್ ಮಿಸ್! ಯಲ್ಲಾ ಮಿಸ್, ಕಮಾನ್!"

"ಒಬ್ಬೊಬ್ಬರೇ, ಒಬ್ಬೊಬ್ಬರೇ. ಆಮೆಗೆ ಇರುವುದು ಒಂದೇ ಕಿವಿ," ಎಂದರು ಟೀಚರ್.

ನಾನು ಅವರ ಪಕ್ಕದಲ್ಲೇ ನುಸುಳಿ ಬೆನ್ನ ಹಿಂದೆ ಹೋಗಿ ನಿಂತೆ. "ಟೀಚರ್, ಆ ಟೈಲಿನ ಗೆರೆ ದಾಟಿ. ಒಂದು ಮುಂದೆ." ಕಾಲು ಎದ್ದಿತು. ನನ್ನ ಕಣ್ಣನ್ನು ನನಗೇ ನಂಬಲಾಗಲಿಲ್ಲ. "ಇನ್ನೊಂದು ಮುಂದೆ. ಈಗ ಬಲಕ್ಕೆ." ಹಾಗೇ ಕುರ್ಚಿಯವರೆಗೆ ಬಂದರು. ಕೂತು, ಉಸಿರು ಹತೋಟಿಗೆ ಬಂದ ಮೇಲೆ ಮಕ್ಕಳನ್ನು ಕೇಳಿದರು: "ಇವತ್ತು ಯಾರ ಪ್ರೋಗ್ರಾಮ್ ಸರಿ ಓಡಿತು, ಹೇಳಿ ನೋಡುವ?"

ಅಂದಿನಿಂದ ಅದೇ ರೂಢಿಯಾಯಿತು. ಬೆಲ್ ಹೊಡೆದು ಮಕ್ಕಳು ಹೊರಗೆ ಕಾಯುತ್ತಿದ್ದರು. ಮೊದಲೇ ಒಳಗೆ ಹೋಗಿರುತ್ತಿದ್ದ ನಾನು ಹಿಂದೆ ನಿಂತು ಮೆಲ್ಲನೆ ಹೇಳುತ್ತಿದ್ದೆ. ಬಾಗಿಲು ಮಾತ್ರ ಅವರೇ ತೆಗೆಯುತ್ತಿದ್ದರು. ಎಷ್ಟು ಹೊತ್ತಾದರೂ ಒಂದು ಮಗುವೂ ಎರಡನೇ ಸಲ ಬೆಲ್ ಒತ್ತಲಿಲ್ಲ.

ಗಂಡನ ಕೆಲಸ ಮುಗಿಯಿತು. ವೀಸಾ ಕ್ಯಾನ್ಸಲ್ ಮಾಡಿಸಿ ಅವರು ಮಂಗಳೂರಿಗೆ ಹೊರಟರು. ಕಂಪ್ಯೂಟರನ್ನು ನಮ್ಮ ಮನೆಗೆ ಕಳುಹಿಸಿದರು. "ನನ್ನಿಂದ ಆಗ್ತದಾ ಟೀಚರ್?" ಎಂದದ್ದಕ್ಕೆ, "ನಡೆದು ನೋಡು," ಎಂದರು. ಅಷ್ಟೇ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ನಾನು ಚಪಾತಿ ಹಿಟ್ಟು ಕಲಸುತ್ತಿದ್ದಾಗ ಅವರ ಗಂಡನ ವಿಡಿಯೊ ಕಾಲ್ ಬಂತು. ಊರಲ್ಲೂ ಪಕ್ಕದ ಮನೆಯ ಮಗುವೊಂದು ಪಾಠಕ್ಕೆ ಬಂದಿದೆ, ಬೆಲ್ ಹೊಡೆದಿದೆ, ಇವರು ಹೊಸ್ತಿಲಲ್ಲಿ ನಿಂತುಬಿಟ್ಟಿದ್ದಾರೆ. "ನಾನು ಹೇಳಿದ್ರೆ ಆಗುವುದಿಲ್ಲ ಮಾರಾಯ್ತಿ. ನಿನ್ನ ಸ್ವರವೇ ಆಗ್ಬೇಕಂತೆ." ಪರದೆಯಲ್ಲಿ ಟೀಚರ್ ನನ್ನ ಎದುರಿಗೆ ಮುಖ ಮಾಡಿ ನಿಂತಿದ್ದರು. ತುಂಬಾ ಸಣ್ಣಗಾಗಿದ್ದರು.

ಬಾಗಿಲು ಎಡಕ್ಕೋ ಬಲಕ್ಕೋ ಎಂದು ಅವರ ಗಂಡನನ್ನು ಕೇಳಿದೆ. ಟೀಚರ ಎಡಕ್ಕೆ ಎಂದರು. ಮೊಬೈಲನ್ನು ಡಬ್ಬಿಗೆ ಒರಗಿಸಿ, ನಾನು ಅದಕ್ಕೆ ಬೆನ್ನು ಹಾಕಿ ನಿಂತೆ. ಈಗ ಅವರು ನೋಡುವ ಕಡೆಗೇ ನಾನೂ ನೋಡುತ್ತಿದ್ದೆ. ಅವರು ನನಗೆ ಕಾಣುತ್ತಿರಲಿಲ್ಲ. "ಒಂದು ಟೈಲ್ ಮುಂದೆ, ಟೀಚರ್," ಎಂದೆ. ಏನೂ ಕೇಳಿಸಲಿಲ್ಲ. ಮತ್ತೆ ಹೇಳಿದೆ. ಚಪ್ಪಲಿ ನೆಲಕ್ಕೆ ಉಜ್ಜಿದ ಸದ್ದು. "ಇನ್ನೊಂದು ಮುಂದೆ. ಎಡಕ್ಕೆ ತಿರುಗಿ. ಇನ್ನೊಂದು." ಬಹಳ ಹೊತ್ತಿನ ಮೇಲೆ ಚಿಲಕ ಸರಿದ ಸದ್ದಾಯಿತು. ಮಗುವೊಂದು "ನಮಸ್ತೆ ಟೀಚರ್" ಎಂದಿತು. "ಬಾ ಮಗಾ, ಒಳಗೆ ಬಾ," ಎಂದರು.

ನಾನು ಕೇಳಿದ ಅವರ ಕೊನೆಯ ಮಾತು ಅದು. ಮಳೆಗಾಲದಲ್ಲಿ ಹೋಗಿಬಿಟ್ಟರು. ಮಣ್ಣು ಮಾಡುವ ಹೊತ್ತಿಗೆ ತಲುಪಲು ನನ್ನಿಂದಾಗಲಿಲ್ಲ.

ಕ್ಲಾಸು ಈಗ ನಮ್ಮ ಹಾಲಿನಲ್ಲಿ ನಡೆಯುತ್ತದೆ. ಮಗುವೊಂದು ಸಿಕ್ಕಿಹಾಕಿಕೊಂಡಾಗ ಉತ್ತರ ನನ್ನ ಬಾಯಿಗೆ ಬಂದಿರುತ್ತದೆ. ನುಂಗಿಕೊಂಡು, ಎದ್ದು, ಅದರ ಬೆನ್ನ ಹಿಂದೆ ಹೋಗಿ ನಿಲ್ಲುತ್ತೇನೆ. ಶನಿವಾರ ಬೆಲ್ ಹೊಡೆದರೆ ಮಗಳು ಬಾಗಿಲಿಗೆ ಓಡುತ್ತಾಳೆ. ಬೇಡ ಎನ್ನುತ್ತೇನೆ. ಹಿಟ್ಟಿನ ಕೈ ಒರೆಸಿಕೊಂಡು ನಾನೇ ಹೋಗುತ್ತೇನೆ. ಹೊರಗೆ ಮಕ್ಕಳು ಕಾಯುತ್ತಾರೆ.