ಹಳ್ಳ ದಾಟಿದ ಕೋಳಿಗಳು

ಬೀದರಿನ ನೌಬಾದದ ನಮ್ಮ ಬೀದಿಯಲ್ಲಿ ಮೊನ್ನೆ ಯಾರೋ ಕೋಳಿಗೂಡು ಗುಡಿಸಿ ಒಲೆಯ ಬೂದಿ ಚೆಲ್ಲಿದ್ದರು. ಹಸಿ ಹಿಕ್ಕೆ, ಬಿಸಿಲಿಗೆ ಕಾದ ಬೂದಿ, ಒಂದಿಷ್ಟು ಸುಣ್ಣ. ಆ ವಾಸನೆಗೆ ಕಾಲು ತಾನಾಗಿಯೇ ನಿಂತಿತು. ಗೇಟಿನ ಬಳಿ ಇಬ್ಬರು ಹೆಂಗಸರು ಮಾತಾಡುತ್ತಿದ್ದರು. ಗೂಡಿನ ಜಾಳಿಗೆಯಿಂದ ಶುರುವಾದ ಮಾತು ಅತ್ತೆಯ ಮೊಣಕಾಲು ನೋವಿಗೆ, ಅಲ್ಲಿಂದ ಮಗಳ ಟ್ಯೂಷನ್ನಿಗೆ ಹೊರಳಿ, ಮತ್ತೆ ಕಾವಿಗೆ ಕೂತ ಕೋಳಿಗೆ ಬಂತು. ಕೋಳಿ ಸಾಕುವವರ ಮಾತು ಯಾವ ಕಾಲಕ್ಕೂ ಹೀಗೆಯೇ, ಅಲ್ಲಿಷ್ಟು ಕೆದರಿ ಇಲ್ಲಿಷ್ಟು ಹೆಕ್ಕುತ್ತದೆ. ನಾನಂತೂ ಅಲ್ಲಿ ನಿಂತೇ ಠಾಣಾ ಕುಶನೂರಿನಾಚೆಯ ನಮ್ಮ ಸಣ್ಣ ಊರಿಗೆ, ರಬಿಯಾ ಖಾಲಾಳ ಅಂಗಳಕ್ಕೆ ಹೋಗಿಬಿಟ್ಟಿದ್ದೆ.

ಖಾಲಾ ಅಂದರೆ ಚಿಕ್ಕವ್ವ, ಆದರೆ ಅವಳು ನಮಗೆ ಬಳಗವಲ್ಲ, ಅವ್ವನ ಗೆಳತಿ. ಊರಿನ ನಡುವೆ ಒಂದು ಹಳ್ಳ. ಈಚೆ ನಮ್ಮ ಓಣಿ, ಆಚೆ ಅವರದು. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಅವ್ವ ಮೊರದಲ್ಲಿ ತೊಗರಿ ಹಾಕಿಕೊಂಡು ನನ್ನನ್ನೂ ಕರೆದುಕೊಂಡು ಹಳ್ಳ ದಾಟುತ್ತಿದ್ದಳು. ಒಬ್ಬಳು ಕಲ್ಲು ಆರಿಸುವುದು, ಇನ್ನೊಬ್ಬಳು ನುಚ್ಚು ಚೆಲ್ಲುವುದು, ಇಬ್ಬರೂ ಕೂಡಿ ಲೋಕವನ್ನೆಲ್ಲ ಜಾಡಿಸುವುದು. ಅಂಗಳದ ಮೂಲೆಯಲ್ಲಿ ಹಳೆಯ ತಗಡು ಬಡಿದು ಖಾಲಾ ತಾನೇ ಕಟ್ಟಿಕೊಂಡ ಕೋಳಿಗೂಡು. ಅವಳ ಬಾಯಲ್ಲಿ ‘ದಡ್ಬಾ’. ಒಳಗೆ ದಿನವೂ ಬೂದಿ, ಮೇಲೆ ವರ್ಷಕ್ಕೆರಡು ಸಲ ಸುಣ್ಣ.

“ನಿನ್ನ ದಡ್ಬಾ ನಮ್ಮ ಮನಿಕಿಂತ ಚಂದ ಅದ ನೋಡು ರಬಿಯಾ. ಒಂದು ಮೂಲಿ ಕೊಡು, ನಾನೂ ಬಂದು ಮಲಗ್ತೇನಿ,” ಎಂದು ಅವ್ವ ಕಾಡುತ್ತಿದ್ದಳು.

“ಬರ್ರಿ ಅಕ್ಕಾ, ಯಾರು ಬ್ಯಾಡ ಅಂತಾರ? ಆದ್ರ ದಿನಾ ಒಂದು ತತ್ತಿ ಇಡಬೇಕಾಗ್ತದ!”

ಖಾಲಾಳ ಮಗಳು ನಸ್ರೀನ್ ಮತ್ತು ನಾನು ಒಂದೇ ತರಗತಿ. ಊರಲ್ಲಿ ಏಳನೆಯ ತನಕ ಮಾತ್ರ ಶಾಲೆ. ಎಂಟನೆಯದಕ್ಕೆ ಬಸ್ಸು ಹಿಡಿದು ಕುಶನೂರಿಗೆ ಹೋಗಬೇಕು. ನಮ್ಮದು ಬೌದ್ಧರ ಮನೆ, ಅಜ್ಜನ ಕಾಲದಿಂದ ಅಲ್ಲಿ ಓದು ಊಟದಷ್ಟೇ ಖಾತ್ರಿ. ಹೆಣ್ಣು ಓದಬೇಕೋ ಬೇಡವೋ ಎಂದು ಯಾರೂ ಕೇಳಿದವರಿಲ್ಲ. ನಸ್ರೀನಳ ಮನೆಯಲ್ಲಿ ಕೇಳಿದರು. ಅವಳ ಅಪ್ಪ, ನಾವು ಖಾಲೂ ಎನ್ನುತ್ತಿದ್ದವನು, ಬೀದರಿನ ಗಾಂಧಿ ಗಂಜಿನಲ್ಲಿ ಹಮಾಲಿ. ವಾರಕ್ಕೊಮ್ಮೆ ಬರುವಾಗ ನನಗೂ ಒಂದು ಪುಡಿಕೆ ಸಿಹಿ ತರುತ್ತಿದ್ದ ಒಳ್ಳೆಯ ಮನುಷ್ಯ. “ಹುಡುಗಿಗಿ ಏಳು ಸಾಕು,” ಎಂದ. ಖಾಲಾ ನಮಗೂ ಕೇಳಲೆಂದು ಕನ್ನಡದಲ್ಲೇ ಜವಾಬು ಕೊಟ್ಟಳು: “ನಿಮಗೇನು ಕೇಳಲ್ಲ ಬಿಡ್ರಿ. ಬಸ್ಸು, ಬುಕ್ಕು, ಪೆನ್ನು, ಎಲ್ಲ ನನ್ನ ಕೋಳಿ ನೋಡ್ಕೋತಾವ.” ಖಾಲೂ ನಕ್ಕುಬಿಟ್ಟ. “ಹಂಗಾರ ನಿನ್ನ ಕೋಳಿ ಇರೋತನಕ ಓದಲಿ.” ನಾವೆಲ್ಲ ನಕ್ಕೆವು. ನಗುವಿನಲ್ಲಿ ಆಡಿದ ಮಾತು ಹಾಗೇ ಹಾರಿಹೋಗುತ್ತದೆ ಎಂದುಕೊಂಡಿದ್ದೆವು.

ಆ ವರ್ಷ ಬಸ್ಸಿನ ಒಂದೇ ಸೀಟಿನಲ್ಲಿ ಇಬ್ಬರೂ ಒತ್ತಿಕೊಂಡು ಕೂತು ಹೋದೆವು. ಬಿಸಿಲು ಏರುವ ಹೊತ್ತಿಗೆ ನಮ್ಮ ಓಣಿಯಲ್ಲಿ ಕೋಳಿಗಳು ಸಾಯತೊಡಗಿದವು. ನಮ್ಮ ಕಡೆ ಅದಕ್ಕೆ ‘ಗಾಳಿ ಬಂದದ’ ಎನ್ನುತ್ತಿದ್ದರು. ಗಾಳಿ ಬಂದ ಓಣಿಯಿಂದ ಉಳಿದ ಕೋಳಿಗಳನ್ನು ಬೇರೆ ದಿಕ್ಕಿನ ನೆಂಟರ ಮನೆಗೆ ದಾಟಿಸಿಬಿಡುವುದು ರೂಢಿ. ಅವ್ವನ ಬಳಿ ಮೂರು ಉಳಿದಿದ್ದವು. ಬುಟ್ಟಿಯಲ್ಲಿಟ್ಟು, ಬಟ್ಟೆ ಮುಚ್ಚಿ ನನ್ನ ಸೊಂಟಕ್ಕೇರಿಸಿದಳು. “ಲಗೂ ಹೋಗು, ರಬಿಯಾಗ ಕೊಟ್ಟು ಬಾ. ಆಕಡಿ ಇನ್ನಾ ಗಾಳಿ ಇಲ್ಲ.” ಹಳ್ಳದ ಮರಳಲ್ಲಿ ಕಾಲು ಸುಡುತ್ತಿತ್ತು. ಬಟ್ಟೆ ಸರಿಸಿ ನೋಡಿದೆ. ಕರಿ ಕೋಳಿ ಕತ್ತು ಇಳಿಬಿಟ್ಟು ತೂಕಡಿಸುತ್ತಿತ್ತು. ಪಾಪ, ಬಿಸಿಲಿಗೆ ನಿದ್ದೆ ಬಂದಿದೆ ಎಂದುಕೊಂಡು ಮತ್ತೆ ಮುಚ್ಚಿದೆ. ಖಾಲಾ, “ಬರ್ರೆವ್ವಾ, ಬೀಗರು ಬಂದ್ರು!” ಎಂದು ದಡ್ಬಾದ ಬಾಗಿಲು ತೆರೆದು, ತನ್ನ ಕೋಳಿಗಳ ಕುಡಿಕೆಯಲ್ಲೇ ಅವಕ್ಕೂ ನೀರಿಟ್ಟಳು.

ಎಂಟು ದಿನದೊಳಗೆ ದಡ್ಬಾ ಖಾಲಿಯಾಯಿತು. ಖಾಲೂ ಎಂದಿನಂತೆ ವಾರಕ್ಕೆ ಬಂದವನು ಬಾಗಿ ಒಳಗೆ ನೋಡಿದ, ಬಹಳ ಹೊತ್ತು ನೋಡಿದ. ಸಿಟ್ಟಿರಲಿಲ್ಲ ಅವನಿಗೆ. “ಮಾತು ಆಗಿತ್ತಲ್ಲ,” ಎಂದಷ್ಟೇ ಅಂದ. ಯಾವ ಮಾತಿಗೂ ಎದುರು ಮಾತು ಇಟ್ಟುಕೊಂಡಿರುತ್ತಿದ್ದ ಖಾಲಾ ಅವತ್ತು ಬೆರಳ ಸಂದಿಯ ಬೂದಿ ತಿಕ್ಕುತ್ತ ಕೂತಳು. ಅವ್ವ ಸೆರಗು ಹಿಡಿದುಕೊಂಡು ಅವನೆದುರು ನಿಂತಳು. “ಭಾಯಿ, ನನ್ನ ಮಗಳ ಜೋಡಿ ಹೋಗಲಿರಿ. ನಸ್ರೀನಂದೂ ನಾವೇ ನೋಡ್ಕೋತೇವಿ.”

“ಬ್ಯಾಡ್ರಿ ಅಕ್ಕಾ,” ಎಂದ, ನೆಲ ನೋಡುತ್ತ. “ಮಂದಿ ಮ್ಯಾಲ ಹಾಕಿ ಮಗಳಿಗಿ ಓದಸಲ್ಲ ನಾ.”

ವಾಪಸು ಬರುವಾಗ ಅವ್ವ ಅಳುತ್ತಿದ್ದಳು. ಹಳ್ಳದ ತನಕ ಕಳಿಸಲು ಬಂದ ಖಾಲಾಳೇ ಅವಳಿಗೆ ಸಮಾಧಾನ ಹೇಳಿದಳು: “ನೀವೇನ್ ಮಾಡ್ತೀರಿ ಅಕ್ಕಾ? ಗಾಳಿಗಿ ಹಳ್ಳ ಅಡ್ಡ ಬರ್ತದೇನ್ರಿ?”

ಅವ್ವ ಇಲ್ಲ, ಖಾಲಾ ಇಲ್ಲ. ದಡ್ಬಾ ಇದ್ದ ಜಾಗದಲ್ಲಿ ಈಗ ಯಾರದೋ ಟ್ರ್ಯಾಕ್ಟರ್ ನಿಲ್ಲುತ್ತದೆ. ನಸ್ರೀನ್ ಭಾಲ್ಕಿಯಲ್ಲಿದ್ದಾಳೆ, ಸಿಕ್ಕಾಗ ಮಕ್ಕಳದು, ಮನೆಯದು ಮಾತಾಡುತ್ತೇವೆ. ಒಂದು ಮಾತು ಮಾತ್ರ ನನ್ನ ಬಾಯಿಗೆ ಬಂದು ಬಂದು ತಿರುಗಿ ಹೋಗುತ್ತದೆ.

ಒಂಬತ್ತನೆಯ ತರಗತಿಗೆ ನಾನೊಬ್ಬಳೇ ಹೋಗುತ್ತಿದ್ದೆ. ದಿನವೂ ಸಂಜೆ ನಾನು ಬಸ್ಸಿಳಿಯುವ ಕಡೆ ನಸ್ರೀನ್ ಬಂದು ಕೂತಿರುತ್ತಿದ್ದಳು. ಅವತ್ತಿನ ಪಾಠವನ್ನೆಲ್ಲ ನನ್ನಿಂದ ಹೇಳಿಸಿಕೊಂಡು, ಲೆಕ್ಕಗಳನ್ನು ಬೆರಳಿನಿಂದ ಮಣ್ಣಲ್ಲಿ ಬಿಡಿಸಿಯೇ ಮನೆಗೆ ಹೋಗುವುದು. ಒಂದು ದಿನ ವಿಜ್ಞಾನದ ಸರ್ ಅಂಟುರೋಗದ ಪಾಠ ಮಾಡಿದರು. “ನಿಮ್ಮೂರುಗಳಲ್ಲಿ ಗಾಳಿ ಗಾಳಿ ಎನ್ನುತ್ತೀರಿ. ಕೋಳಿಯ ರೋಗ ಹೆಚ್ಚಾಗಿ ಹೋಗುವುದು ರೋಗ ತಗುಲಿದ ಕೋಳಿಯ ಜೊತೆಗೆ, ಬುಟ್ಟಿಯಲ್ಲಿ, ಕುಡಿಯುವ ನೀರಿನಲ್ಲಿ. ಮೊದಲ ಗುರುತು, ಕೋಳಿ ತೂಕಡಿಸುತ್ತದೆ.” ಎಲ್ಲರ ಹಾಗೆ ನಾನೂ ಅದನ್ನು ಬರೆದುಕೊಂಡೆ.

ಸಂಜೆ ಬಸ್ಸಿಳಿದರೆ ನಸ್ರೀನ್ ಕಲ್ಲಿನ ಮೇಲೆ ಕೂತಿದ್ದಳು. “ಇವತ್ತೇನ್ ಕಲಿಸಿದ್ರು ಸುಜಾತಾ?”

“ಏನೂ ಕಲಿಸಲಿಲ್ಲ,” ಎಂದೆ.

“ಹಂಗಾರ ನಿನ್ನೀದೇ ಮತ್ತೊಮ್ಮಿ ಹೇಳು,” ಎಂದು ನಸ್ರೀನ್ ಕಲ್ಲಿನ ಮೇಲೆ ಸರಿದು ನನಗೆ ಜಾಗ ಮಾಡಿಕೊಟ್ಟಳು.