ಜಂಟಿ ಗೋಡೆಗೆ ನಾನು ಕೊಟ್ಟ ಒಪ್ಪಿಗೆ

ಗೋಡೆ ಒಡೆಯಲು ಖಾದರ್ ಚಾಚಾ ಒಪ್ಪಿಗೆ ಕೊಡಲೇ ಇಲ್ಲ. ಅವರ ದನಿಯಲ್ಲಿ ಕೊಟ್ಟವನು ನಾನು — ಊರವರನ್ನೆಲ್ಲ ಅಣಕಿಸಿ ಚಪ್ಪಾಳೆ ಗಿಟ್ಟಿಸುವ ಮಿಮಿಕ್ರಿ ಶೂರ, ನಮ್ಮಪ್ಪನ ಮಾತಿನಲ್ಲಿ ಹೇಳುವುದಾದರೆ ಬೀದಿ ಕೋತಿ.

ತುಮಕೂರಿನ ಹಳೇ ಪೇಟೆಯ ನಮ್ಮ ಬೀದಿಯಲ್ಲಿ ಮನೆಗಳು ಒತ್ತೊತ್ತಾಗಿ ನಿಂತಿವೆ. ಹೆಂಚಿನ ಮನೆಯ ಪಕ್ಕ ಗಾಜಿನ ಬಾಲ್ಕನಿ, ಅದರ ಪಕ್ಕ ಮತ್ತೆ ಜಗಲಿ, ಮರದ ಕಂಬ. ನಮ್ಮ ಮನೆಗೂ ಟೈಲರ್ ಖಾದರ್ ಚಾಚಾರ ಮನೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ; ಎರಡೂ ಕಡೆಯ ತೊಲೆಗಳು ಅದರ ಮೇಲೆಯೇ ಕೂತಿದ್ದವು. ಅಂಥ ಗೋಡೆಗೆ ಹಾರೆ ಹಾಕಬೇಕಾದರೆ ಪಕ್ಕದವರು ಬಾಯಿಬಿಟ್ಟು ‘ಹೂಂ’ ಅನ್ನಬೇಕು. ಕಾಗದ ಪತ್ರ ಏನೂ ಇಲ್ಲ, ಮಾತೇ ಸಾಕು.

ನಾವು ಡ್ಯೂಪ್ಲೆಕ್ಸ್ ಕಟ್ಟಿಸಲು ಹಳೇ ಮನೆ ಕೆಡವುತ್ತಿದ್ದೆವು. ಚಾಚಾ ಮನೆಮಂದಿಯೆಲ್ಲ ಮದುವೆಗೆಂದು ಕುಣಿಗಲ್‌ಗೆ ಹೋಗಿದ್ದರು. ‘ಆ ಗೋಡೆ ನಾನು ಬಂದ ಮೇಲೆ ಮುಟ್ಟಿ’ ಎಂದಿದ್ದರು. ಮೇಸ್ತ್ರಿ ಕೈಕಟ್ಟಿ ಕೂತಿದ್ದ. ನನಗೆ ತಮಾಷೆ ಹೊಳೆಯಿತು — ಗೆಳೆಯನ ಫೋನಿನಿಂದ ಮೇಸ್ತ್ರಿಗೆ ಫೋನ್ ಮಾಡಿ, ಚಾಚಾರ ಹಾಗೆ ಎರಡು ಸಲ ಕೆಮ್ಮಿದೆ.

“ಒಡ್ಕೊಳ್ರಪ್ಪಾ, ನಂದೇನೂ ತಕರಾರಿಲ್ಲ.”

“ಒಳಗಡೆ ತೊಲೆಗೆ ಆಸರೆ ಕಂಬ ಕೊಟ್ಟಿದೀರಾ ಸಾಬ್ರೇ?”

“ಕೊಟ್ಟೇ ಬಂದಿದೀನಪ್ಪಾ.”

ನಕ್ಕುಬಿಡಬೇಕು ಎನ್ನುವಷ್ಟರಲ್ಲಿ ಅವನು ಫೋನ್ ಇಟ್ಟ. ಆಮೇಲೆ ಹೇಳಿದರಾಯಿತು — ಗುಬ್ಬಿಯ ಬಸ್ಸು ಹೊರಟಿತ್ತು, ಅಲ್ಲೊಂದು ಶಾಲೆಯಲ್ಲಿ ನನ್ನ ಕಾರ್ಯಕ್ರಮ... ಸಂಜೆ ವಾಪಸಾಗುವಷ್ಟರಲ್ಲಿ ಗೋಡೆಯೂ ಇರಲಿಲ್ಲ, ಚಾಚಾರ ನಡುಮನೆಯೂ ಇರಲಿಲ್ಲ. ತೊಲೆ, ಹೆಂಚು, ಹೊಲಿಗೆ ಮೆಷಿನ್ನು — ಒಂದೇ ರಾಶಿ.

ಚಾಚಾ ಓಡಿ ಬಂದು “ನಾನ್ ಹೇಳೇ ಇಲ್ವಲ್ಲೋ” ಎಂದರು. ಮೇಸ್ತ್ರಿ ಆಣೆ ಇಟ್ಟ: “ಈ ಕಿವಿಯಾರೆ ಕೇಳಿದೀನಿ ಸಾಬ್ರೇ. ನಿಮ್ ದನಿ ನಂಗೊತ್ತಿಲ್ವಾ?” ಮದುವೆಮನೆಯಲ್ಲಿ ಯಾರದೋ ಫೋನ್ ಇಸಕೊಂಡು ಮಾತಾಡಿ ಮರೆತಿದ್ದಾರೆ ಎಂದು ಎಲ್ಲರೂ ತೀರ್ಮಾನಿಸಿದರು. ಮಗ ರಫೀಕ್ ಅಪ್ಪನ ಮುಖವನ್ನೇ ನೋಡುತ್ತಿದ್ದ. ನಾನೂ ಅಲ್ಲೇ ನಿಂತಿದ್ದೆ. ಎಂಟು ಹೆಜ್ಜೆ ದೂರ. ಬಾಯಿ ತೆರೆಯಲಿಲ್ಲ.

ಚಾಚಾರನ್ನು ಮರೆವಿನ ಡಾಕ್ಟರ ಹತ್ತಿರ ಕರೆದೊಯ್ದರು. ಇಡೀ ಪೇಟೆಯವರ ಎದೆ, ಸೊಂಟದ ಅಳತೆ ಬಾಯಿಪಾಠ ಇದ್ದ ಮನುಷ್ಯ ಒಂದೇ ತೋಳನ್ನು ಮೂರು ಸಲ ಅಳೆಯತೊಡಗಿದರು — ಅಳೆದು, ಬರೆದು, ಬರೆದದ್ದನ್ನು ಮತ್ತೆ ನಮ್ಮನ್ನೇ ಕೇಳುತ್ತಿದ್ದರು. ಅಂಗಡಿ ಮುಚ್ಚಿತು. ಉಳಿದರ್ಧ ಮನೆಯನ್ನು ಮಾರಿಸಿದ ರಫೀಕ್ ತುಮಕೂರಿನದೇ ಸದಾಶಿವನಗರದಲ್ಲಿ ಬಾಡಿಗೆ ಮನೆ ಹಿಡಿದ. ಚಾಚಾರನ್ನು ಕುಣಿಗಲ್ಲಿನ ಮಗಳ ಮನೆಯಲ್ಲಿ ಬಿಟ್ಟ. ಎರಡು ವರ್ಷ ನಾನು ಅವರೊಬ್ಬರನ್ನು ಬಿಟ್ಟು ಎಲ್ಲರನ್ನೂ ಅಣಕಿಸಿದೆ.

ಕಳೆದ ತಿಂಗಳು ಕುಣಿಗಲ್‌ಗೆ ಹೋಗಿ ಚಾಚಾಗೆ ಎಲ್ಲ ಹೇಳಿದೆ. ಬಯ್ಯಲಿಲ್ಲ. “ರಫೀಕಣ್ಣಂಗೆ ನೀವೇ ಹೇಳ್ಬಿಡಿ ಚಾಚಾ,” ಎಂದೆ — ಅಲ್ಲಿಯೂ ಹೇಡಿ ಬುದ್ಧಿ.

“ನೀನೇ ಹೋಗಿ ಹೇಳೋ. ನಾನ್ ಹೇಳಿದ್ರೆ, ‘ಅಬ್ಬಾಗೆ ಮತ್ತೆ ಶುರುವಾಯ್ತು’ ಅಂತಾನೆ.”